ಎದೆಗೆ ಒಂದು ಕೆಜಿ, ಬೆನ್ನಿಗೆ ನಾಲ್ಕು

ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎನ್ನುತ್ತಾರೆ. ಆದರೆ ಆನೆಯಾಗಲಿ ಇರುವೆಯಾಗಲಿ ತನ್ನ ಭಾರವನ್ನು ಅಂಗಡಿಯಿಂದ ಕೊಂಡು ತಂದಿಲ್ಲ. ಆ ಭಾಗ್ಯ ಕೃತಕ ಸ್ತನ ಧರಿಸುವವರದು. ಮೊದಲು ಭಾರಕ್ಕೆ ದುಡ್ಡು ಕೊಡುತ್ತಾರೆ, ಸಂಜೆಗೆ ಬೆನ್ನಿಗೆ ತಿಕ್ಕುವ ಮುಲಾಮಿಗೆ ಮತ್ತೆ ದುಡ್ಡು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಧರಿಸುವ ಹೆಂಗಸರು, ಟ್ರಾನ್ಸ್ ಮಹಿಳೆಯರು, ರಂಗದ ಮೇಲೆ ಸ್ತ್ರೀಪಾತ್ರ ಮಾಡುವ ಗಂಡಸರು, ಮನೆಯಲ್ಲೇ ಸೀರೆ ಉಟ್ಟು ಕನ್ನಡಿ ನೋಡಿಕೊಳ್ಳುವುದು ಇಷ್ಟವಿರುವವರು: ಕಾರಣ ಒಬ್ಬೊಬ್ಬರದು ಒಂದೊಂದು, ಬೆನ್ನು ಮಾತ್ರ ಎಲ್ಲರದೂ ಒಂದೇ ತರಹ ದೂರುತ್ತದೆ.

ದೂರು ಬರುವುದು ಭಾರದಿಂದ ಎಂದು ಎಲ್ಲರೂ ತಿಳಿಯುತ್ತಾರೆ. ಅರ್ಧ ಮಾತ್ರ ನಿಜ. ಬಾವಿಯ ಏತ ನೆನಪಿಸಿಕೊಳ್ಳಿ. ಎದೆಯ ಮೇಲಿನ ಭಾರ ಬೆನ್ನುಮೂಳೆಯಿಂದ ಹೆಚ್ಚುಕಡಿಮೆ 20 ಸೆಂ.ಮೀ. ಮುಂದೆ ತೂಗುತ್ತದೆ. ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಇರುವುದು ಮೂಳೆಯಿಂದ ಸುಮಾರು 5 ಸೆಂ.ಮೀ. ಹಿಂದೆ. ಅಂದಮೇಲೆ ಮುಂದಿನ ಒಂದು ಕೆಜಿಗೆ ಹಿಂದಿನ ಸ್ನಾಯು ನಾಲ್ಕು ಕೆಜಿಯಷ್ಟು ಜಗ್ಗಬೇಕು. ಭಾರ ಎಷ್ಟು ಎಂಬುದರ ಜೊತೆಗೆ ಎಷ್ಟು ಮುಂದಿದೆ, ಯಾವುದಕ್ಕೆ ನೇತುಬಿದ್ದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಒಂದು ಫರ್ಲಾಂಗು ನಡೆಯಬಹುದು. ಅದೇ ಕೊಡವನ್ನು ಕೈ ನೀಡಿ ಹಿಡಿದರೆ ಹೊಸ್ತಿಲು ದಾಟುವುದೂ ಕಷ್ಟ. ಮುಂದೆ ಹೇಳುವುದೆಲ್ಲ ಈ ಕೊಡವನ್ನು ಸೊಂಟಕ್ಕೆ ತರುವ ಉಪಾಯ.

ಮೊದಲು ತೂಗಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಂಗಡಿಯಲ್ಲಿ ಸಿಗುವ ಕೃತಕ ಸ್ತನ ಹೆಚ್ಚಾಗಿ ಸಿಲಿಕಾನ್ ಎಂಬ ಮೆತ್ತಗಿನ ಜೆಲ್ಲಿನದು. ಸಿಲಿಕಾನಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ, ಆದ್ದರಿಂದ 500 ಮಿ.ಲೀ. ಗಾತ್ರದ್ದು ಸುಮಾರು 500 ಗ್ರಾಂ ತೂಗುತ್ತದೆ. ನಡು ಗಾತ್ರದ ಜೋಡಿ ಒಂದು ಕೆಜಿ ಆಸುಪಾಸು, ದೊಡ್ಡ ಜೋಡಿ ಎರಡು ಕೆಜಿ ದಾಟುತ್ತದೆ. ಮೊದಲ ಸಲ ಕೊಳ್ಳುವವರು, ಅದರಲ್ಲೂ ಆನ್‌ಲೈನಿನಲ್ಲಿ ಕೊಳ್ಳುವವರು, ಮಾಡುವ ತಪ್ಪು ಒಂದೇ: ಹೇಗೂ ಕೊಳ್ಳುತ್ತಿದ್ದೇವೆ, ಧಾರಾಳವಾಗಿಯೇ ಇರಲಿ ಎಂದುಕೊಳ್ಳುವುದು. ಮದುವೆ ಊಟದಲ್ಲಿ ಹೋಳಿಗೆ ಹಾಕಿಸಿಕೊಂಡ ಹಾಗೆ. ಎಲೆ ನೋಡಿದಾಗ ಖುಷಿ, ಏಳುವಾಗ ಕಷ್ಟ. ಕೊಳ್ಳುವ ಮೊದಲು ಅಷ್ಟೇ ತೂಕದ ಅಕ್ಕಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬ್ರಾದೊಳಗೆ ಇಟ್ಟು, ಎರಡು ಗಂಟೆ ಮನೆಗೆಲಸ ಮಾಡಿ. ಪಾತ್ರೆ ತೊಳೆಯುವ ಹೊತ್ತಿಗೆ ಬೆನ್ನು ತನ್ನ ಅಭಿಪ್ರಾಯ ತಿಳಿಸುತ್ತದೆ.

ಒಂದೇ ಬದಿಗೆ ಧರಿಸುವವರಿಗೆ ಲೆಕ್ಕ ಬೇರೆ. ಇನ್ನೊಂದು ಬದಿಗೆ ಸರಿದೂಗಬೇಕು. ಆ ತೂಕ ತಿಳಿಯಲು ಆರ್ಕಿಮಿಡೀಸನ ದಾರಿಯೇ ದಾರಿ. ಅಗಲದ ತಟ್ಟೆಯೊಳಗೆ ಒಂದು ಬೋಗುಣಿ ಇಟ್ಟು ಬೆಚ್ಚಗಿನ ನೀರನ್ನು ಅಂಚಿನವರೆಗೆ ತುಂಬಿ. ಬಗ್ಗಿ ಸ್ತನವನ್ನು ಎದೆಗೋಡೆಯವರೆಗೆ ಮುಳುಗಿಸಿ. ತಟ್ಟೆಗೆ ಚೆಲ್ಲಿದ ನೀರನ್ನು ಅಳತೆಯ ಲೋಟಕ್ಕೆ ಹಾಕಿ, ಮಿ.ಲೀ. ಎಷ್ಟೋ ಗ್ರಾಂ ಸುಮಾರು ಅಷ್ಟೇ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ, 50 ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಳ್ಳಿ, ಉತ್ತರ ಸಿಕ್ಕ ಸಂತೋಷಕ್ಕೆ ಆರ್ಕಿಮಿಡೀಸನ ಹಾಗೆ ಬೀದಿಗೆ ಓಡಬೇಡಿ. ಬಂದ ಉತ್ತರಕ್ಕಿಂತ ಸ್ವಲ್ಪ ಹಗುರವಾದದ್ದನ್ನೇ ಆರಿಸಿ. ಸ್ವಂತ ಸ್ತನ ಎದೆಗೆ ಅಂಟಿ ಬೆಳೆದದ್ದು, ಕೃತಕವಾದದ್ದು ಬ್ರಾಗೆ ನೇತುಬಿದ್ದದ್ದು. ಅಷ್ಟೇ ತೂಕ ಹೆಚ್ಚು ಅನಿಸುತ್ತದೆ. ಆ ಬದಿಯ ತೋಳು ಬಾತುಕೊಳ್ಳುವ ತೊಂದರೆ ಇದ್ದವರಂತೂ ಹಗುರ ಸಿಲಿಕಾನ್ ಅಥವಾ ದಿಂಬಿಗೆ ತುಂಬುವಂಥ ಫೈಬರಿನದನ್ನೇ ಹಿಡಿಯಬೇಕು, ಭುಜದ ಪಟ್ಟಿ ಅಗಲ ಇರಬೇಕು.

ಎಡ ಬಲ ನೋಡಿ ಕೊಳ್ಳಿ. ಬಾರ್ಬಿ ಗೊಂಬೆಯನ್ನು ಮಾರುಕಟ್ಟೆಗೆ ತಂದ ಅಮೆರಿಕದ ರೂತ್ ಹ್ಯಾಂಡ್ಲರ್ 1970ರಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಸಿಕ್ಕ ಕೃತಕ ಸ್ತನಗಳು ಹಿಡಿಸದೆ ತಾವೇ ‘ನಿಯರ್ಲಿ ಮಿ’ ಎಂಬ ಹೆಸರಿನಲ್ಲಿ ತಯಾರಿಸಿ ಮಾರಿದರು, ಎಡಕ್ಕೆ ಬೇರೆ ಬಲಕ್ಕೆ ಬೇರೆ. ಇಂದಿಗೂ ಕಂಕುಳ ಕಡೆ ಚಾಚಿಕೊಂಡ ಆಕಾರದವನ್ನು ಅದಲುಬದಲು ಹಾಕಿದರೆ ಒಳಗಡೆ ಚುಚ್ಚುತ್ತದೆ, ಚುಚ್ಚಿದ ಕಡೆಯಿಂದ ಮೈ ಓರೆ ಮಾಡುತ್ತೀರಿ, ಓರೆಯಾದ ಮೈ ಸಂಜೆಗೆ ನೋಯುತ್ತದೆ. ತ್ರಿಕೋನ ಆಕಾರದವು ಮತ್ತು ಪೂರ್ತಿ ದುಂಡಗಿನವು ಎರಡೂ ಕಡೆಗೆ ನಡೆಯುತ್ತವೆ.

ಪಟ್ಟಿಯ ಕೆಲಸ ಪಟ್ಟಿಯೇ ಮಾಡಲಿ

ಭುಜದ ಪಟ್ಟಿ ಭಾರ ಹೊರಲು ಇರುವುದಲ್ಲ, ಬಟ್ಟೆ ಜಾರದಂತೆ ಹಿಡಿಯಲು ಇರುವುದು. ಭಾರ ಹೊರಬೇಕಾದದ್ದು ಎದೆಯ ಕೆಳಗೆ ಸುತ್ತಿ ಬರುವ ಅಡ್ಡಪಟ್ಟಿ. ಬೆನ್ನುನೋವಿನ ಎಷ್ಟೋ ಪ್ರಕರಣ ಇಲ್ಲೇ ಇತ್ಯರ್ಥವಾಗುತ್ತದೆ, ಆದ್ದರಿಂದ ಅವಸರ ಬೇಡ.

ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ, ಟೇಪನ್ನು ನೆಲಕ್ಕೆ ಸಮನಾಗಿ ಹಿಡಿದು, ಉಸಿರು ಬಿಟ್ಟು ಅಳೆಯಿರಿ. ಈ ಅಳತೆಗೆ ನಾಲ್ಕೈದು ಇಂಚು ಸೇರಿಸಿ ಸೈಜು ಹೇಳುವ ಹಳೆಯ ಲೆಕ್ಕ ಕೆಲವು ಅಂಗಡಿಗಳಲ್ಲಿ ಇನ್ನೂ ಇದೆ. ಹಾಗೆ ಕೊಂಡ ಪಟ್ಟಿ ಸಡಿಲ, ಸಡಿಲವಾದರೆ ಭಾರವೆಲ್ಲ ಭುಜಕ್ಕೆ. ಕಂಪನಿಯ ಚಾರ್ಟನ್ನು ನೋಡಿ, ಎರಡು ಸೈಜು ತರಿಸಿ ಹಾಕಿ ನೋಡುವುದೇ ವಾಸಿ. ಹೊಸ ಬ್ರಾ ಎಲ್ಲಕ್ಕಿಂತ ಹೊರಗಿನ ಹುಕ್ಕಿನಲ್ಲೇ ಬಿಗಿಯಾಗಿ ಕೂರಬೇಕು. ಎಲಾಸ್ಟಿಕ್ ಸೋತಂತೆ ಒಳಗಿನ ಹುಕ್ಕಿಗೆ ಬರಬಹುದು. ಮೊದಲ ದಿನವೇ ಒಳಗಿನ ಹುಕ್ಕು ಬೇಕಾಯಿತು ಎಂದರೆ ಅದು ದೊಡ್ಡದಾಯಿತು.

ಪರೀಕ್ಷೆ ಎರಡು. ಎರಡೂ ಕೈ ಮೇಲೆತ್ತಿ, ಅಟ್ಟದಿಂದ ಡಬ್ಬ ಇಳಿಸುವ ಹಾಗೆ. ಬೆನ್ನಿನ ಕಡೆ ಪಟ್ಟಿ ಮೇಲೇರಿದರೆ ಸಡಿಲ. ಆಮೇಲೆ ಎರಡೂ ಭುಜಪಟ್ಟಿಗಳನ್ನು ತೋಳಿಗೆ ಜಾರಿಸಿ ನಿಲ್ಲಿ. ಸ್ತನ ಒಂದು ಬೆರಳಿನಷ್ಟು ಇಳಿದರೆ ಸರಿ. ಸೊಂಟದ ಕಡೆ ಪ್ರಯಾಣ ಹೊರಟರೆ ಅಡ್ಡಪಟ್ಟಿ ಕೆಲಸ ಮಾಡುತ್ತಿಲ್ಲ. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಭುಜಪಟ್ಟಿ ಕನಿಷ್ಠ ಒಂದು ಇಂಚು ಅಗಲ ಇರಲಿ, ಹಿಂದೆ ಮೂರೋ ನಾಲ್ಕೋ ಹುಕ್ಕಿನ ಸಾಲು ಇರಲಿ. ಅಗಲ ಬೆನ್ನಿನ ಗಂಡಸರಿಗೆ ಹುಕ್ಕು ಸಾಲದೆ ಬಂದರೆ ಎಕ್ಸ್‌ಟೆಂಡರ್ ಎಂಬ ಹುಕ್ಕಿನ ತುಂಡು ಫ್ಯಾನ್ಸಿ ಸ್ಟೋರಿನಲ್ಲೇ ಸಿಗುತ್ತದೆ. ಅದನ್ನು ಉಸಿರಾಡಲು ಬಳಸಿ, ಸಡಿಲ ಮಾಡಲು ಅಲ್ಲ.

ಕೃತಕ ಸ್ತನಕ್ಕೆಂದೇ ಒಳಜೇಬು ಇರುವ ಬ್ರಾ ಬರುತ್ತದೆ. ಇಲ್ಲದಿದ್ದರೆ ಹೊಲಿದುಕೊಳ್ಳುವುದು ಅರ್ಧ ಗಂಟೆಯ ಕೆಲಸ. ಹಳೆಯ ಬನಿಯನ್ನಿನಿಂದ ಬ್ರಾದ ಕಪ್ಪಿಗಿಂತ ಎಲ್ಲ ಕಡೆ ಒಂದೂವರೆ ಸೆಂ.ಮೀ. ದೊಡ್ಡ ತುಂಡು ಕತ್ತರಿಸಿ, ಅಂಚು ಮಡಿಚಿ, ಒಳಬದಿಗೆ ಹೊಲಿಯಿರಿ. ಕಂಕುಳ ಕಡೆ 10 ಸೆಂ.ಮೀ. ಬಾಯಿ ಬಿಡಿ. ಹೊಲಿಗೆ ಜಿಗ್‌ಜ್ಯಾಗ್ ಇರಲಿ. ನೇರ ಹೊಲಿಗೆ ಹಾಕಿದರೆ ಬಟ್ಟೆ ಎಳೆದಾಗ ದಾರ ಹರಿಯುತ್ತದೆ. ಹೊಲಿಯುವಾಗ ಸಿಲಿಕಾನ್ ಇನ್ನೊಂದು ಕೋಣೆಯಲ್ಲಿರಲಿ. ಜೇಬಿನ ಲಾಭ ದೊಡ್ಡದು: ಭಾರ ಎದೆಗೆ ಒತ್ತಿಕೊಂಡು ನಿಲ್ಲುತ್ತದೆ, ಅದರ ಬೆನ್ನಿಗೂ ನಿಮ್ಮ ಮೈಗೂ ನಡುವೆ ಬೆವರು ಹೀರುವ ಬಟ್ಟೆ ಇರುತ್ತದೆ, ಮತ್ತು ಹಿರಿಯರ ಕಾಲಿಗೆ ನಮಸ್ಕಾರ ಮಾಡುವಾಗ ಅವರ ಪಾದಕ್ಕೆ ನಿಮಗಿಂತ ಮೊದಲು ಬೇರೇನೂ ಮುಟ್ಟುವುದಿಲ್ಲ.

ಮೈಗೇ ಅಂಟಿಕೊಳ್ಳುವ ಜಾತಿಯವು ಭುಜದ ಹೊರೆ ಇಳಿಸುತ್ತವೆ ನಿಜ. ಆದರೆ ಚರ್ಮ ಸ್ವಚ್ಛವಾಗಿ ಒಣಗಿರಬೇಕು, ಎಣ್ಣೆ ಪೌಡರು ಇರಬಾರದು. ಮಂಗಳೂರು ಉಡುಪಿಯ ಮೇ ತಿಂಗಳಿನ ಸೆಖೆಯಲ್ಲಿ ಯಾವ ಅಂಟೂ ಮಧ್ಯಾಹ್ನದವರೆಗೆ ಮಾತು ಉಳಿಸಿಕೊಳ್ಳುವುದಿಲ್ಲ. ರೇಡಿಯೇಶನ್ ಆದ ಚರ್ಮಕ್ಕೆ ವೈದ್ಯರನ್ನು ಕೇಳದೆ ಏನನ್ನೂ ಅಂಟಿಸಬಾರದು. ಮರಗೆಲಸದ ಗೋಂದನ್ನು ಯಾರಾದರೂ ಸೂಚಿಸಿದರೆ ಅವರ ಸ್ನೇಹದ ಬಗ್ಗೆಯೇ ಮರುಯೋಚನೆ ಮಾಡಿ.

ನೋವು ಎಲ್ಲಿ, ತಪ್ಪು ಅಲ್ಲಿ

ನೋವಿನ ಜಾಗವೇ ತಪ್ಪಿನ ವಿಳಾಸ ಹೇಳುತ್ತದೆ. ಭುಜದ ಮೇಲೆ ಗೀರು ಬಿದ್ದು, ಕುತ್ತಿಗೆಯ ಬುಡ ಹಿಡಿದುಕೊಂಡರೆ ಅಡ್ಡಪಟ್ಟಿ ಸಡಿಲ. ಭುಜಪಟ್ಟಿ ಇನ್ನಷ್ಟು ಬಿಗಿ ಮಾಡಿದರೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು. ಹೆಗಲೆಲುಬುಗಳ ನಡುವೆ ಉರಿದರೆ ನೀವು ಗೂನು ಹಾಕುತ್ತಿದ್ದೀರಿ. ಹೊಸದಾಗಿ ಧರಿಸಿದವರು ಯಾರಾದರೂ ನೋಡಿಯಾರು ಎಂದು ಎದೆಯನ್ನು ಒಳಗೆ ಎಳೆದುಕೊಂಡು ನಡೆಯುವುದು ಸಾಮಾನ್ಯ. ಅಷ್ಟು ಬಚ್ಚಿಡಲು ಅಷ್ಟು ಖರ್ಚು ಯಾಕೆ ಮಾಡಿದ್ದು ಎಂದು ಬೆನ್ನು ಕೇಳುತ್ತದೆ.

ಸೊಂಟದ ನೋವು ಇದರ ತದ್ವಿರುದ್ಧ. ಮುಂದಿನ ಭಾರ ಸರಿದೂಗಿಸಲು ಕೆಲವರು ಹಿಂದಕ್ಕೆ ವಾಲಿ, ಹೊಟ್ಟೆ ಮುಂದೆ ಬಿಟ್ಟು, ಏಳು ತಿಂಗಳ ಬಸುರಿಯ ಹಾಗೆ ನಿಲ್ಲುತ್ತಾರೆ. ಅದಕ್ಕೆ ಹೈ ಹೀಲ್ಸ್ ಸೇರಿದರೆ ಸೊಂಟಕ್ಕೆ ಇನ್ನಷ್ಟು ಕಷ್ಟ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ: ಹಿಮ್ಮಡಿ ಗೋಡೆಯಿಂದ ನಾಲ್ಕು ಬೆರಳು ದೂರ, ಪೃಷ್ಠ, ಹೆಗಲು, ತಲೆ ಗೋಡೆಗೆ ತಾಗಬೇಕು. ಸೊಂಟದ ಹಿಂದೆ ಅಂಗೈ ತೂರಿದರೆ ಸರಿ, ಮುಷ್ಟಿ ತೂರಿದರೆ ಹೊಟ್ಟೆಯನ್ನು ಸ್ವಲ್ಪ ಒಳಗೆ ಎಳೆಯಿರಿ. ಆ ನಿಲುವಿನಲ್ಲೇ ನಾಲ್ಕು ಹೆಜ್ಜೆ ಮುಂದೆ ಬನ್ನಿ. ಹೀಲ್ಸು, ಹೊಸ ಸ್ತನ ಎರಡನ್ನೂ ಒಂದೇ ದಿನ ಅಭ್ಯಾಸಕ್ಕೆ ಇಟ್ಟುಕೊಳ್ಳಬೇಡಿ. ಸಂಜೆ ನೋವು ಬಂದಾಗ ಯಾರ ಮೇಲೆ ಕೇಸು ಹಾಕುವುದು ಎಂದೇ ತಿಳಿಯುವುದಿಲ್ಲ.

ಪಕ್ಕೆಲುಬು ಒತ್ತಿ, ಮೇಲುಸಿರು ಬಂದರೆ ಪಟ್ಟಿ ಬಿಗಿ. ಒಂದೇ ಬದಿಯ ಕುತ್ತಿಗೆ ಹಿಡಿದರೆ ಎರಡು ಬದಿಯ ತೂಕ ನೋಡಿ, ಆಮೇಲೆ ವ್ಯಾನಿಟಿ ಬ್ಯಾಗನ್ನೂ ಅದೇ ತಕ್ಕಡಿಗೆ ಇಡಿ. ನೀರಿನ ಬಾಟಲಿ, ಊಟದ ಡಬ್ಬಿ, ಪವರ್ ಬ್ಯಾಂಕು, ಛತ್ರಿ, ಹೋದ ವರ್ಷದ ಮೆಡಿಕಲ್ ಬಿಲ್ಲು ಎಲ್ಲ ಸೇರಿ ಎರಡೂವರೆ ಕೆಜಿ ದಾಟುವುದು ದೊಡ್ಡ ಮಾತಲ್ಲ. ಅರ್ಧ ಕೆಜಿಯ ಸಿಲಿಕಾನು ಬೈಗುಳ ತಿನ್ನುತ್ತಿರುವಾಗ ಅಪರಾಧಿ ಹೆಗಲಲ್ಲೇ ನೇತಾಡುತ್ತಿರುತ್ತಾನೆ.

ತಮಾಷೆಯನ್ನು ಇಲ್ಲೊಂದು ಗಳಿಗೆ ಪಕ್ಕಕ್ಕಿಡೋಣ. ಕ್ಯಾನ್ಸರ್ ಚಿಕಿತ್ಸೆ ಆದವರಿಗೆ ಹೊಸದಾಗಿ ಬಂದ ಬೆನ್ನುನೋವು ಎರಡು ವಾರವಾದರೂ ಹೋಗದಿದ್ದರೆ, ಮಲಗಿದಾಗ ಅಥವಾ ರಾತ್ರಿ ಹೆಚ್ಚಾದರೆ, ಕೃತಕ ಸ್ತನ ತೆಗೆದಿಟ್ಟ ದಿನವೂ ಹಾಗೇ ಇದ್ದರೆ, ಬ್ರಾ ಬದಲಿಸುತ್ತಾ ಕೂರದೆ ಚಿಕಿತ್ಸೆ ಕೊಟ್ಟ ವೈದ್ಯರ ಬಳಿ ಹೋಗಿ. ಕಾಲಿಗೆ ಜೋಮು, ಬಲಹೀನತೆ ಅಥವಾ ಮೂತ್ರ ಮಲದ ಹಿಡಿತ ತಪ್ಪಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ. ಇದು ಯಾರಿಗಾದರೂ ಅನ್ವಯಿಸುತ್ತದೆ.

ರೂಢಿ ಮಾಡುವ ಕ್ರಮ

ಶಸ್ತ್ರಚಿಕಿತ್ಸೆಯ ನಂತರ ಮೊದಲು ಹತ್ತಿ ಅಥವಾ ಫೈಬರಿನ ಹಗುರದ್ದು. ಗಾಯ ಪೂರ್ತಿ ಮಾಗಿದ ಮೇಲೆ, ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ, ವೈದ್ಯರು ಒಪ್ಪಿದರೆ ಸಿಲಿಕಾನ್. ಯಾರೇ ಆಗಲಿ ಮೊದಲ ಮೂರು ದಿನ ಎರಡೆರಡು ಗಂಟೆ ಸಾಕು. ಆಮೇಲೆ ದಿನಕ್ಕೊಂದು ಗಂಟೆ ಏರಿಸಿ. ರಾತ್ರಿ ತೆಗೆದಿಡಿ. ನೋವು ಮರುದಿನ ಬೆಳಗ್ಗೆಯೂ ಉಳಿದಿದ್ದರೆ ಎರಡು ಗಂಟೆ ಹಿಂದಕ್ಕೆ ಹೋಗಿ.

ದಿನಕ್ಕೆ ಹತ್ತು ನಿಮಿಷದ ವ್ಯಾಯಾಮ ಬೇಕು. ಹೆಗಲೆಲುಬುಗಳನ್ನು ಹಿಂದೆ ಒಂದಕ್ಕೊಂದು ಒತ್ತಿ ಐದು ಸೆಕೆಂಡ್ ಹಿಡಿಯಿರಿ, ಹತ್ತು ಸಲ. ಗೋಡೆಗೆ ಬೆನ್ನು ಕೊಟ್ಟು, ಎರಡೂ ತೋಳು ಗೋಡೆಗೆ ತಾಗಿಸಿ ಮೇಲೆ ಕೆಳಗೆ ಜಾರಿಸಿ, ಹತ್ತು ಸಲ. ಬಾಗಿಲ ಚೌಕಟ್ಟಿಗೆ ಮುಂಗೈ ಊರಿ ಒಂದು ಹೆಜ್ಜೆ ಮುಂದಿಟ್ಟು ಎದೆ ಹಿಗ್ಗಿಸಿ, 20 ಸೆಕೆಂಡ್, ಮೂರು ಸಲ. ಇದನ್ನು ಶಸ್ತ್ರಚಿಕಿತ್ಸೆ ಆದವರು ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಮಾತ್ರ ಮಾಡಬೇಕು. ಕೊನೆಗೆ ಮಾರ್ಜಾಲಾಸನ, ಅಂದರೆ ಅಂಗೈ ಮಂಡಿ ನೆಲಕ್ಕೂರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದು, ಎಂಟು ಸಲ. ಇವನ್ನೆಲ್ಲ ಸ್ತನ ತೆಗೆದಿಟ್ಟೇ ಮಾಡಿ. ಮಾರ್ಜಾಲಾಸನದಲ್ಲಿ ಒಂದೊಂದು ಕೆಜಿ ನೆಲದ ಕಡೆ ಜೋಕಾಲಿ ಆಡಿದರೆ ಬೆಕ್ಕು ಹಸುವಾಗುತ್ತದೆ.

ನೆಲದ ವಸ್ತು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಚಿ ಕುಳಿತು ಎತ್ತಿ. ಸ್ಕೂಟರಿನಲ್ಲಿ ರಸ್ತೆಯ ಉಬ್ಬು ಬಂದಾಗ ಒಂದು ಕೆಜಿ ಒಂದೇ ಕೆಜಿಯಾಗಿ ಉಳಿಯುವುದಿಲ್ಲ. ಅಂಥ ದಿನ ಬ್ರಾದ ಮೇಲೊಂದು ಬಿಗಿ ಬನಿಯನ್ನು ಹಾಕಿ. ಮಡಿಕೇರಿಯ ಚಳಿಗಾಲದ ಬೆಳಗ್ಗೆ ತಣ್ಣಗಿನ ಸಿಲಿಕಾನು ಎದೆಗೆ ತಾಗಿದರೆ ಮೈಯೆಲ್ಲ ಸೆಟೆದು ಅದೇ ಒಂದು ಉಳುಕಾಗುತ್ತದೆ. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಒರೆಸಿ ಹಾಕಿಕೊಳ್ಳಿ. ಒಲೆ, ಹೇರ್ ಡ್ರೈಯರ್ ಬೇಡ.

ರಂಗಕ್ಕೆ ಹೋಗುವವರು

ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯ ಅವರಂಥವರು ಸ್ತ್ರೀವೇಷಕ್ಕೆ ಹೆಸರಾದದ್ದು ನಡೆ, ನೋಟ, ಮಾತಿನಿಂದ. ಪ್ರೇಕ್ಷಕರಿಗೆ ಕಾಣುವುದು ಆಕಾರ, ತೂಕ ಯಾರಿಗೂ ಕಾಣುವುದಿಲ್ಲ. ಕುಣಿಯುವವರಿಗೆ ಒಂದು ಬದಿಗೆ 100 ಗ್ರಾಂ ಒಳಗಿನ ಸ್ಪಂಜು ಅಥವಾ ಹತ್ತಿಯೇ ಸರಿ. ಬೆವರಿಗೆ ಹತ್ತಿ ತೊಯ್ದು ಭಾರವಾಗಿ ಕೆಳಗಿಳಿಯುತ್ತದೆ, ಆದ್ದರಿಂದ ಇಡೀ ರಾತ್ರಿಯ ಆಟಕ್ಕೆ ಸ್ಪಂಜು ವಾಸಿ. ಗಿರಕಿ ಹೊಡೆಯುವಾಗ ಭಾರದ ವಸ್ತು ಹೊರಕ್ಕೆ ಎಸೆಯಲ್ಪಡುತ್ತದೆ. ಬಲಕ್ಕೆ ಸುತ್ತಿ ನಿಂತಾಗ ಎಡದ್ದು ಕಂಕುಳಲ್ಲಿ ಪತ್ತೆಯಾದರೆ ಶೃಂಗಾರ ಹಾಸ್ಯವಾಗುತ್ತದೆ. ಸಿಲಿಕಾನ್ ಬೇಕೇ ಬೇಕು ಎನ್ನುವವರು ಕುಳಿತು ಆಡುವ ಪಾತ್ರಕ್ಕೆ ಇಟ್ಟುಕೊಳ್ಳಲಿ.

ಮನೆಯಲ್ಲೇ ಮಾಡಿಕೊಳ್ಳುವ ರಾಗಿಯದು

ಸಿಲಿಕಾನಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಇದನ್ನು ಮಾಡಿ ನೋಡಿ. ಹೊರದೇಶಗಳಲ್ಲಿ ಹಕ್ಕಿಕಾಳನ್ನು ನೈಲಾನ್ ಕಾಲುಚೀಲಕ್ಕೆ ತುಂಬುವ ಪದ್ಧತಿ ಹಳೆಯದು. ನಮಗೆ ರಾಗಿ ಇದೆ. ಕಾಳು ಸಣ್ಣದು, ದುಂಡಗೆ, ಮೈಯ ಚಲನೆಗೆ ಮೆಲ್ಲಗೆ ಹರಿದು ಕೂರುತ್ತದೆ. ಅಕ್ಕಿ ಚುಚ್ಚುತ್ತದೆ. ನೀರು ತುಂಬಿದ ಬಲೂನಿನ ವಿಷಯ ಎತ್ತುವುದೇ ಬೇಡ.

ಒಂದು ಬದಿಗೆ 250 ಗ್ರಾಂ ರಾಗಿ, ಅಂದರೆ ಒಂದೂವರೆ ಲೋಟ, 25 ಗ್ರಾಂ ದಿಂಬಿನ ಫೈಬರು, ಮೂರು ನೈಲಾನ್ ಕಾಲುಚೀಲ. ರಾಗಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದು ಪೂರ್ತಿ ಆರಿಸಿ. ಹುರಿಯದೆ ತುಂಬಿದರೆ ಬೆವರಿನ ತೇವಕ್ಕೆ ಬೂಸಲು ಹಿಡಿಯುತ್ತದೆ, ಮೊಳಕೆಯೂ ಬರಬಹುದು. ಎದೆಯಲ್ಲಿ ಆಸೆ ಚಿಗುರುವುದು ಬೇರೆ, ರಾಗಿ ಚಿಗುರುವುದು ಬೇರೆ. ಆರಿದ ರಾಗಿಯನ್ನು ಎರಡು ಪದರ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ. ಬಿಗಿಯಾಗಿ ತುಂಬಬೇಡಿ, ಅಂಗೈಯಲ್ಲಿ ಚಪ್ಪಟೆಯಾಗಿ ಹರಡುವಷ್ಟು ಸಡಿಲ ಇರಲಿ. ಈಗ ಮುಖ್ಯ ಸಂಗತಿ: ಈ ರಾಗಿಗಂಟು ಹಿಂಭಾಗದಲ್ಲಿ, ಎದೆಗೆ ತಾಗುವ ಕಡೆ, ಕೆಳಗೆ ಕೂರಬೇಕು, ಫೈಬರು ಮುಂದೆ ಬರಬೇಕು. ಎರಡನ್ನೂ ಹೀಗೆ ಜೋಡಿಸಿ ಮೂರನೆಯ ಕಾಲುಚೀಲಕ್ಕೆ ಹಾಕಿ, ಬಾಯಿ ಹೊಲಿಯಿರಿ. ಭಾರ ಐದಾರು ಸೆಂ.ಮೀ. ಹಿಂದೆ ಸರಿದರೆ ಏತದ ಲೆಕ್ಕದಲ್ಲಿ ಕಾಲು ಭಾಗ ಹೊರೆ ಇಳಿಯಿತು, ಹೊರಗಿನ ಆಕಾರ ಹಾಗೇ ಉಳಿಯಿತು. ಅದಲುಬದಲು ತುಂಬಿದವರಿಗೆ ಮುಂದೆ ಜೋತುಬಿದ್ದ ಎರಡು ತೂಕದ ಬಟ್ಟು ಸಿಗುತ್ತದೆ.

ತೊಳೆಯುವುದು, ಕಾಯುವುದು

ಸಿಲಿಕಾನನ್ನು ದಿನಾ ಸಂಜೆ ಮೆದು ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒತ್ತಿ ಒರೆಸಿ, ಬಂದ ಡಬ್ಬಿಯ ಗುಳಿಯಲ್ಲೇ ಮಲಗಿಸಿ. ಮಡಿಚಿ ಬೀರುವಿಗೆ ತುರುಕಿದರೆ ಮಡಿಕೆಯಲ್ಲಿ ಬಿರುಕು ಬರುತ್ತದೆ. ದೊಡ್ಡ ವೈರಿ ಸೀರೆಯ ಪಿನ್ನು. ಸೆರಗಿಗೆ ಹಾಕುವ ಪಿನ್ನು ಭುಜದ ಮೇಲೇ ನಿಲ್ಲಲಿ, ಎದೆಯ ಮೇಲೆ ಬೇಡ. ಬ್ರೋಚು, ಅಂಚು ಮೊನಚಾದ ಪದಕವೂ ಅದೇ ಪಂಗಡ. ತೂತಾದರೆ ಒಳಗಿನ ಜೆಲ್ಲು ಹಲಸಿನ ಮೇಣದ ಹಾಗೆ ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ, ಹಲಸಿನ ಮೇಣಕ್ಕೆ ಎಣ್ಣೆಯಾದರೂ ಇದೆ. ಸುತ್ತ ಸ್ಪಿರಿಟಿನಲ್ಲಿ ಒರೆಸಿ ಆಸ್ಪತ್ರೆಯ ಅಂಟುಪಟ್ಟಿ ಹಾಕಿ ಆ ದಿನ ಸಾಗಿಸಿ, ಆಮೇಲೆ ಹೊಸದು ತರಿಸಿ. ಈಜಿದರೆ ಕ್ಲೋರಿನ್ ಹೋಗುವಂತೆ ಕೂಡಲೇ ತೊಳೆಯಿರಿ.

ರಾಗಿಯದನ್ನು ತೊಳೆಯುವಂತಿಲ್ಲ. ಹೊಲಿಗೆ ಬಿಚ್ಚಿ ಹೊರಚೀಲವನ್ನಷ್ಟೇ ಒಗೆದು, ಗಂಟನ್ನು ವಾರಕ್ಕೊಮ್ಮೆ ಬಿಸಿಲಿಗಿಡಿ. ಮೂರು ತಿಂಗಳಿಗೆ ರಾಗಿ ಬದಲಿಸಿ. ತೆಗೆದ ರಾಗಿಯನ್ನು ಯಾರ ಕೈಗೂ ಸಿಗದ ಹಾಗೆ ಅಂಗಳದ ಗುಬ್ಬಿಗಳಿಗೆ ಚೆಲ್ಲಿಬಿಡಿ. ಅಡುಗೆಮನೆಯ ಕಟ್ಟೆಯ ಮೇಲೆ ಮರೆತರೆ ರಾತ್ರಿಗೆ ಮುದ್ದೆಯಾಗಿ ಬರುತ್ತದೆ.